ಅವರೇ ಬರೆದ ಬೆಲೆ, ಅವರೇ ಬಿಟ್ಟ ರಿಯಾಯಿತಿ

ಒಂದು ಲೆಕ್ಕ ಕೇಳುತ್ತೇನೆ, ಬಾಯಲ್ಲೇ ಹೇಳಿ. ಗೊಬ್ಬರದಂಗಡಿಗೆ ಹೋಗಿದ್ದೀರಿ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬದ ಮೇಲೆ 1,000 ರೂಪಾಯಿ ಎಂದು ಅಚ್ಚಾಗಿದೆ. ಅಂಗಡಿಯವನು ನಿಮ್ಮ ಮುಖ ನೋಡಿ, "ನೀವೇನು ಹೊರಗಿನವರಾ ಗೌಡ್ರೇ, 650 ಕೊಡಿ ಸಾಕು" ಅನ್ನುತ್ತಾನೆ. ನಿಮಗೆ ಉಳಿದದ್ದೆಷ್ಟು?

350 ಅಂದಿರಿ. ಎಲ್ಲರೂ ಅನ್ನುವುದು ಅದನ್ನೇ. ಮನೆಗೆ ಬಂದು ಹೆಂಡತಿಗೂ ಅದನ್ನೇ ಹೇಳುತ್ತೀರಿ, ಕಟ್ಟೆಯ ಮೇಲೆ ಕೂತವರಿಗೂ ಅದನ್ನೇ ಹೇಳುತ್ತೀರಿ. ಆದರೆ 350 ಉಳಿಯಿತು ಅನ್ನಬೇಕಾದರೆ ಆ ಡಬ್ಬ ನಿಜವಾಗಿ 1,000 ರೂಪಾಯಿ ಬಾಳಬೇಕು, ಅಲ್ಲವೇ? ಕೈಯಲ್ಲಿ ರೊಕ್ಕ ಹಿಡಿದು ಹೋಗಿ 1,000 ಎಣಿಸಿ ಕೊಟ್ಟು ಅದನ್ನು ತಂದ ಒಬ್ಬನೇ ಒಬ್ಬನನ್ನು ನಿಮ್ಮ ಊರಲ್ಲಿ ತೋರಿಸಿ ನೋಡೋಣ. ಸಿಗುವುದಿಲ್ಲ. ಎಲ್ಲರಿಗೂ 650, ಇಲ್ಲವೇ 620, ಇಲ್ಲವೇ 680. ಅಂದಮೇಲೆ ಆ ಡಬ್ಬದ ಬೆಲೆಯೇ 650. ಪಕ್ಕದ ಅಂಗಡಿಯಲ್ಲಿ 600ಕ್ಕೆ ಸಿಗುವುದಾದರೆ ನೀವು 350 ಉಳಿಸಿಕೊಂಡು ಬಂದವರಲ್ಲ, 50 ಕಳೆದುಕೊಂಡು ಬಂದವರು. (ಉದ್ರಿಗೆ ಕೊಂಡವರ ಮಾತು ಬೇರೆ. ಅವರ ಹತ್ತಿರಕ್ಕೆ ಆಮೇಲೆ ಬರುತ್ತೇನೆ. ಈ ಲೇಖನ ಬರೆಯುತ್ತಿರುವುದೇ ಅವರಿಗಾಗಿ.)

ಹಾಗಾದರೆ ಆ 1,000 ಅಂತ ಬರೆದವರು ಯಾರು? ಸರ್ಕಾರ ಅಂತ ಬಹಳ ಜನ ನಂಬಿದ್ದಾರೆ. ಎಂ.ಆರ್.ಪಿ. ಅನ್ನುವ ಮೂರಕ್ಷರ ಸರ್ಕಾರಿ ಮುದ್ರೆಯ ಹಾಗೆ ಕಾಣುತ್ತದೆ, ತಪ್ಪಿಲ್ಲ. ಆದರೆ ಅದನ್ನು ಬರೆಯುವುದು ಕಂಪನಿ. ಬರೆಯಲೇಬೇಕು ಅನ್ನುವುದಷ್ಟೇ ಸರ್ಕಾರದ ಕಾನೂನು. ಇದರ ಹುಟ್ಟು ಹೀಗಿದೆ. ಪೊಟ್ಟಣ ಕಟ್ಟಿ ಮಾರುವ ಸರಕುಗಳಿಗೆ 1977ರಲ್ಲಿ ನಿಯಮ ಬಂತು. ಆಗ ಕಂಪನಿಗಳು ಬೆಲೆ ಬರೆದು ಪಕ್ಕದಲ್ಲಿ "ಸ್ಥಳೀಯ ತೆರಿಗೆ ಪ್ರತ್ಯೇಕ" ಅಂತ ಸೇರಿಸಬಹುದಿತ್ತು. ತೆರಿಗೆ ಎಷ್ಟು ಅಂತ ಕೊಳ್ಳುವವನಿಗೆ ಗೊತ್ತಿಲ್ಲ, ಅಂಗಡಿಯವನು ಬಾಯಿಗೆ ಬಂದಷ್ಟು ಹೇಳುತ್ತಿದ್ದ. ಆ ಕಾಟ ತಪ್ಪಿಸಲಿಕ್ಕೆ 1990ರಲ್ಲಿ ತಿದ್ದುಪಡಿ ಮಾಡಿ, ಎಲ್ಲ ತೆರಿಗೆ ಸೇರಿಸಿ ಗರಿಷ್ಠ ಮಾರಾಟ ಬೆಲೆ ಬರೆಯಬೇಕು, ಅದರ ಮೇಲೆ ಒಂದು ಪೈಸೆ ತೆಗೆದುಕೊಳ್ಳಕೂಡದು ಅಂದರು. 2009ರ ಕಾನೂನುಬದ್ಧ ಮಾಪನಶಾಸ್ತ್ರ ಕಾಯ್ದೆ, ಅದರ ಕೆಳಗಿನ 2011ರ ನಿಯಮಗಳು ಅದನ್ನೇ ಮುಂದುವರಿಸಿವೆ.

ಒಳ್ಳೆಯ ಕಾನೂನೇ. ಬಸ್‌ಸ್ಟ್ಯಾಂಡಿನಲ್ಲಿ 20 ರೂಪಾಯಿಯ ನೀರಿನ ಬಾಟಲಿಗೆ 25 ಕೇಳಿದವನ ಜೊತೆ ಜಗಳ ಮಾಡುವುದಕ್ಕೆ ನಮಗೊಂದು ಆಧಾರ ಕೊಟ್ಟಿದ್ದು ಅದೇ. ಆದರೆ ಅದಕ್ಕೊಂದು ದೊಡ್ಡ ಕಂಡಿ ಇದೆ. ಬರೆದ ಬೆಲೆಗಿಂತ ಮೇಲೆ ಮಾರಬೇಡ ಅನ್ನುತ್ತದೆಯೇ ಹೊರತು, ಎಷ್ಟು ಬರೆಯಬಹುದು ಅಂತ ಎಲ್ಲೂ ಹೇಳುವುದಿಲ್ಲ. 300 ರೂಪಾಯಿ ಖರ್ಚು ಬಿದ್ದ ಸರಕಿಗೆ 500 ಬರೆ, 1,000 ಬರೆ, 2,000 ಬರೆ, ಯಾರೂ ಕೇಳುವುದಿಲ್ಲ. ಬೇಲಿ ಹಾಕಿದ್ದೇವೆ, ಸರಿ. ಬೇಲಿಯನ್ನು ಎಷ್ಟು ದೂರ ಬೇಕಾದರೂ ಜರುಗಿಸಿಕೋ ಅಂತ ಹೊಲ ನುಂಗುವವನಿಗೇ ಬಿಟ್ಟಿದ್ದೇವೆ.

ಇದು ನಿಜವೋ ಸುಳ್ಳೋ ನೋಡಬೇಕಾದರೆ ಅದೇ ಗೊಬ್ಬರದಂಗಡಿಯಲ್ಲಿ ಇನ್ನೊಂದು ಕಡೆ ಕಣ್ಣು ಹಾಯಿಸಿ. ಮೂಲೆಯಲ್ಲಿ ಯೂರಿಯಾ ಚೀಲ ಒಟ್ಟಿದೆ. 45 ಕಿಲೋ ಚೀಲಕ್ಕೆ 242 ರೂಪಾಯಿ, ಮೇಲೆ ಬೇವಿನ ಲೇಪ ಮತ್ತು ತೆರಿಗೆಯ ಬಾಬ್ತು. ಈ ಬೆಲೆಯನ್ನು ನಿಗದಿ ಮಾಡುವುದು ಕೇಂದ್ರ ಸರ್ಕಾರ. ಯೂರಿಯಾಕ್ಕೆ "ಭಾರೀ ರಿಯಾಯಿತಿ, ನೂರಕ್ಕೆ 40 ಕಡಿತ" ಅನ್ನುವ ಬೋರ್ಡು ಎಲ್ಲಾದರೂ ನೋಡಿದ್ದೀರಾ? ಇಲ್ಲ. ಅದರ ಪಕ್ಕದ ಕಪಾಟಿನಲ್ಲಿ ಬಣ್ಣಬಣ್ಣದ ಬಾಟಲಿಗಳಿವೆ. ಬೇರು ಬೆಳೆಸುವುದು, ಹೂವು ನಿಲ್ಲಿಸುವುದು, ಕಾಯಿ ದಪ್ಪ ಮಾಡುವುದು. ಅವುಗಳ ಬೆಲೆಗೆ ಕಡಿವಾಣವೇ ಇಲ್ಲ. ಅವುಗಳ ಮೇಲೇ ಅರ್ಧಕ್ಕರ್ಧ ಕಡಿತ! ಬೆಲೆ ಬೇರೆಯವರು ಕಟ್ಟಿದ್ದರೆ ರಿಯಾಯಿತಿ ಇಲ್ಲ, ಮಾರುವವನೇ ಬರೆದುಕೊಂಡಿದ್ದರೆ ಧಾರಾಳ ರಿಯಾಯಿತಿ. ಯೂರಿಯಾದಲ್ಲಿ ಅವನಿಗೆ ಹಿಗ್ಗಿಸಿ ಬರೆಯಲಿಕ್ಕೆ ಅವಕಾಶವಿಲ್ಲದ್ದರಿಂದ ಬೇರೆ ಉಪಾಯ ಮಾಡಿಕೊಂಡಿದ್ದಾನೆ. ಅದನ್ನು ನೀವು ಬಲ್ಲಿರಿ. "ಲಿಂಕ್" ಅನ್ನುತ್ತಾರೆ. ಈ ಬಾಟಲಿ ತಗೊಂಡರೆ ಯೂರಿಯಾ ಉಂಟು, ಇಲ್ಲದಿದ್ದರೆ ಸ್ಟಾಕ್ ಇಲ್ಲ. ಹೀಗೆ ಕಟ್ಟಿ ಮಾರುವುದು ಕಾನೂನಿಗೆ ವಿರುದ್ಧ. ಆದರೂ ಪ್ರತಿ ಮುಂಗಾರಿನಲ್ಲಿ ನಡೆಯುತ್ತದೆ.

ಚಿನ್ನದಂಗಡಿಯಲ್ಲೂ ಇದೇ ಕಥೆ. ಇವತ್ತಿನ ಚಿನ್ನದ ದರ ದಿನಪತ್ರಿಕೆಯಲ್ಲಿ ಬಂದಿರುತ್ತದೆ, ಹಳ್ಳಿಯ ಹುಡುಗನ ಫೋನಿನಲ್ಲೂ ಬಂದಿರುತ್ತದೆ. ಅದರ ಮೇಲೆ ಯಾವ ಅಂಗಡಿಯವನೂ ನೂರಕ್ಕೆ 50 ಬಿಡುವುದಿಲ್ಲ. ಬಿಡುವುದು ಎಲ್ಲಿ? "ಮೇಕಿಂಗ್ ಚಾರ್ಜ್" ಮೇಲೆ, "ವೇಸ್ಟೇಜ್" ಮೇಲೆ. ಅಂದರೆ ನಿಮಗೂ ನನಗೂ ಕಣ್ಣಿಗೆ ಕಾಣದ ಜಾಗದಲ್ಲಿ. ಎಷ್ಟು ಸವೆಯಿತು ಅಂತ ಹೇಳುವವನು ಅವನೇ, ಅದರಲ್ಲಿ ಅರ್ಧ ಬಿಟ್ಟೆ ಅನ್ನುವವನೂ ಅವನೇ. ಅಳಿಯ ಅಲ್ಲ, ಮಗಳ ಗಂಡ.

ಬರೆದ ಬೆಲೆಗೂ ನಿಜ ಬೆಲೆಗೂ ಎಷ್ಟು ಅಂತರ ಇರಬಹುದು ಅನ್ನುವುದು ನಮ್ಮ ಊಹೆಯಲ್ಲ, ಸರ್ಕಾರದ ಕೈಗೇ ಎರಡು ಸಲ ಸಿಕ್ಕಿಬಿದ್ದಿದೆ. 2019ರ ಫೆಬ್ರವರಿಯಲ್ಲಿ ಔಷಧ ಬೆಲೆ ಪ್ರಾಧಿಕಾರ 42 ಬಗೆಯ ಕ್ಯಾನ್ಸರ್ ಔಷಧಿಗಳನ್ನು ಹಿಡಿದು, ವ್ಯಾಪಾರದ ಲಾಭ ನೂರಕ್ಕೆ 30 ಮೀರಕೂಡದು ಅಂದಿತು. ಆಗ ಕೆಲವು ಔಷಧಿಗಳ ಅಚ್ಚಾದ ಬೆಲೆ ನೂರಕ್ಕೆ 80ಕ್ಕೂ ಹೆಚ್ಚು ಇಳಿಯಿತು. ಯೋಚನೆ ಮಾಡಿ. ಹೊಲ ಮಾರಿ ಹೆಂಡತಿಯನ್ನೋ ತಾಯಿಯನ್ನೋ ಆಸ್ಪತ್ರೆಗೆ ಸೇರಿಸಿದವನು ಅಲ್ಲಿಯತನಕ ಕೊಟ್ಟದ್ದು ಆ ಅಚ್ಚಾದ ಬೆಲೆಯನ್ನು. ಅವನ ಜೊತೆ ಚೌಕಾಸಿ ಮಾಡುವವರು ಯಾರಿದ್ದರು?

ಇನ್ನೊಂದು ನಮ್ಮ ಹೊಲದ್ದೇ. ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ. 450 ಗ್ರಾಮಿನ ಒಂದು ಪೊಟ್ಟಣಕ್ಕೆ 1,600 ರೂಪಾಯಿಗೂ ಮೇಲೆ ಇಟ್ಟರು. ಅದರಲ್ಲಿ 1,250 ರೂಪಾಯಿ ಮಾಹಿಕೋ-ಮಾನ್ಸಾಂಟೋ ಕಂಪನಿಯ ತಂತ್ರಜ್ಞಾನದ ಶುಲ್ಕ. ಇದಕ್ಕಿಂತ ಕಡಿಮೆ ಮಾಡಲು ಸಾಧ್ಯವೇ ಇಲ್ಲ ಅನ್ನುವ ಮಾತು ಇತ್ತು. 2006ರಲ್ಲಿ ಆಂಧ್ರ ಸರ್ಕಾರ ಏಕಸ್ವಾಮ್ಯ ನಿಯಂತ್ರಣ ಆಯೋಗದ ಮೆಟ್ಟಿಲು ಹತ್ತಿತು. ಅದೇ ವರ್ಷ ಅದೇ ಪೊಟ್ಟಣ 750 ರೂಪಾಯಿಗೆ ಬಂತು. ಅರ್ಧಕ್ಕಿಂತ ಕಡಿಮೆ! ಕಂಪನಿ ಮುಳುಗಿತೇ? ಇಲ್ಲ, ಬೀಜ ಮಾರುತ್ತಲೇ ಹೋಯಿತು. ಇದನ್ನು ಯಾರೂ ರಿಯಾಯಿತಿ ಮೇಳ ಅಂತ ಕರೆಯಲಿಲ್ಲ, ದೀಪ ಹಚ್ಚಿ ಉದ್ಘಾಟನೆ ಮಾಡಲಿಲ್ಲ. ಕೊಳ್ಳುವವರ ಪರವಾಗಿ ಒಬ್ಬರು ನಿಂತು ಲೆಕ್ಕ ಕೇಳಿದರು, ಅಷ್ಟೇ.

ಈಗ ಉದ್ರಿಯವರ ಹತ್ತಿರ ಬರೋಣ.

"ಇಂದು ನಗದು, ನಾಳೆ ಉದ್ರಿ" ಅನ್ನುವ ಬೋರ್ಡು ಕಿರಾಣಿ ಅಂಗಡಿಯಲ್ಲಿ ತಮಾಷೆಗೆ ಇರುತ್ತದೆ. ಗೊಬ್ಬರದಂಗಡಿಯಲ್ಲಿ ಉದ್ರಿಯೇ ವ್ಯಾಪಾರ. ಜೂನ್‌ನಲ್ಲಿ ಬೀಜ, ಜುಲೈನಲ್ಲಿ ಗೊಬ್ಬರ, ಆಗಸ್ಟ್‌ನಲ್ಲಿ ಔಷಧಿ, ಎಲ್ಲ ಅವನ ಖಾತೆ ಪುಸ್ತಕದಲ್ಲಿ ಬರೆಸಿ ಬರುತ್ತೀರಿ. ಸುಗ್ಗಿಯಲ್ಲಿ ಚುಕ್ತಾ ಮಾಡುತ್ತೀರಿ. ಆ ಪುಸ್ತಕ ಒಮ್ಮೆ ತೆಗೆಸಿ ನೋಡಿ. ಬಡ್ಡಿ ಅಂತ ಒಂದು ಅಕ್ಷರ ಇರುವುದಿಲ್ಲ. "ನಾನು ಬಡ್ಡಿ ವ್ಯವಹಾರ ಮಾಡೋನಲ್ಲ" ಅಂತ ಅಂಗಡಿಯವನು ಎದೆ ತಟ್ಟಿ ಹೇಳುತ್ತಾನೆ. ನಿಜವೇ, ಬಡ್ಡಿ ಹಾಕಿರುವುದಿಲ್ಲ. ನಗದು ಕೊಟ್ಟವನಿಗೆ 650ಕ್ಕೆ ಕೊಟ್ಟ ಡಬ್ಬವನ್ನು ನಿಮ್ಮ ಖಾತೆಗೆ 1,000 ಅಂತ ಬರೆದಿರುತ್ತಾನೆ, ಅಷ್ಟೇ. ಕಾನೂನಿನ ಪ್ರಕಾರ ತಪ್ಪು ಎಲ್ಲಿದೆ? ಡಬ್ಬದ ಮೇಲೆ ಅಚ್ಚಾಗಿದ್ದೇ ಅಷ್ಟು.

ಪೆನ್ಸಿಲ್ ತಗೊಳ್ಳಿ. 650ರ ಸರಕನ್ನು ನೀವು ಐದು ತಿಂಗಳ ಸಾಲಕ್ಕೆ ತಂದಿರಿ, 350 ಹೆಚ್ಚು ಕೊಟ್ಟಿರಿ. 650ಕ್ಕೆ 350 ಅಂದರೆ ನೂರಕ್ಕೆ ಸುಮಾರು 54. ಐದು ತಿಂಗಳಿಗೆ ಭಾಗಿಸಿದರೆ ತಿಂಗಳಿಗೆ ನೂರಕ್ಕೆ 10 ರೂಪಾಯಿಗೂ ಮೇಲೆ. ವರ್ಷಕ್ಕೆ ನೂರಕ್ಕೆ 129. ನಮ್ಮ ಊರಿನ ಕೈಸಾಲದವನು ನೂರಕ್ಕೆ 3 ರೂಪಾಯಿ, 5 ರೂಪಾಯಿ ತಿಂಗಳ ಬಡ್ಡಿ ಹಾಕಿದರೆ ರಕ್ತ ಹೀರುವವನು ಅಂತ ಬಯ್ಯುತ್ತೇವೆ. ನೂರಕ್ಕೆ 10 ತೆಗೆದುಕೊಂಡವನು ಮಾತ್ರ ಸುಗ್ಗಿ ಮುಗಿದ ಮೇಲೆ ನಮಗೇ ಒಂದು ಕ್ಯಾಲೆಂಡರು, ಒಂದು ಟೋಪಿ ಕೊಟ್ಟು ನಮಸ್ಕಾರ ಹಾಕಿಸಿಕೊಳ್ಳುತ್ತಾನೆ!

ನಾನು ಹೇಳಿದ್ದು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿ. ನಿಮ್ಮ ಅಂಗಡಿಯಲ್ಲಿ ನಗದಿಗೂ ಉದ್ರಿಗೂ ಅಂತರ 350 ಇರಲಿಕ್ಕಿಲ್ಲ, 150 ಇರಬಹುದು. ಲೆಕ್ಕದ ದಾರಿ ಇದೇ. ಎರಡು ದರ ಕೇಳಿ, ನಗದು ದರದಿಂದ ಭಾಗಿಸಿ, ತಿಂಗಳಿಗೆ ಹಂಚಿ. ಬರುವ ಅಂಕಿಯೇ ನೀವು ಕಟ್ಟುತ್ತಿರುವ ಬಡ್ಡಿ. ಅದಕ್ಕೆ ಡಿಸ್ಕೌಂಟು ಅಂತ ಹೆಸರಿಟ್ಟಿದ್ದಾರೆ, ಬೇರೇನಿಲ್ಲ. ಉಳ್ಳವನಿಗೆ "ಬಿಟ್ಟೆ" ಅನ್ನುತ್ತಾರೆ, ಇಲ್ಲದವನಿಗೆ ಬಿಡದೆ ಇರುತ್ತಾರೆ. ಕರ್ನಾಟಕದಲ್ಲಿ ಸಾಲ ಕೊಟ್ಟು ಬಡ್ಡಿ ತೆಗೆದುಕೊಳ್ಳುವವನಿಗೆ 1961ರ ಲೇವಾದೇವಿದಾರರ ಕಾಯ್ದೆ ಪ್ರಕಾರ ಪರವಾನಗಿ ಬೇಕು, ಬಡ್ಡಿ ದರಕ್ಕೆ ಮಿತಿ ಉಂಟು. ವಿಪರೀತ ಬಡ್ಡಿಯ ಮೇಲೆ 2004ರಲ್ಲಿ ಇನ್ನೊಂದು ಕಾಯ್ದೆಯನ್ನೂ ಮಾಡಿದರು. ರಿಯಾಯಿತಿ ಕೊಡದವನನ್ನು ಹಿಡಿಯಲಿಕ್ಕೆ ಯಾವ ಕಾಯ್ದೆ ಇದೆ?

ಅಂಗಡಿಯವನನ್ನೊಬ್ಬನನ್ನೇ ಬಯ್ಯುವುದು ನ್ಯಾಯವಲ್ಲ. ಅವನೂ ಡಿಸ್ಟ್ರಿಬ್ಯೂಟರ ಹತ್ತಿರ ಉದ್ರಿ ತಂದಿರುತ್ತಾನೆ. ನಮ್ಮಲ್ಲಿ ಮಳೆ ಕೈಕೊಟ್ಟ ವರ್ಷ ಅವನ ಪುಸ್ತಕದಲ್ಲಿ ಮುಳುಗುವ ಖಾತೆಗಳೂ ಇರುತ್ತವೆ. ಆದರೆ ಕಂಪನಿ ಇಷ್ಟು ಎತ್ತರಕ್ಕೆ ಬೆಲೆ ಬರೆಯುವುದು ಯಾತಕ್ಕೆ? ಆ ಅಂತರದಲ್ಲೇ ಎಲ್ಲರ ಊಟ. ಡೀಲರಿಗೆ ಹತ್ತು ಪೆಟ್ಟಿಗೆಗೆ ಒಂದು ಪೆಟ್ಟಿಗೆ ಪುಕ್ಕಟೆ ಅನ್ನುವ ಸ್ಕೀಮು, ಗುರಿ ಮುಟ್ಟಿದವನಿಗೆ ಬ್ಯಾಂಕಾಕ್ ಪ್ರವಾಸ, ಅದೆಲ್ಲ ಎಲ್ಲಿಂದ ಬರಬೇಕು? ಯಾವ ಡಬ್ಬದಲ್ಲಿ ಅಂತರ ಜಾಸ್ತಿಯೋ ಅದನ್ನೇ "ಒಳ್ಳೆ ರಿಸಲ್ಟ್ ಐತೆ, ತಗೊಂಡು ಹೋಗಿ" ಅಂತ ನಿಮ್ಮ ಕೈಗೆ ಇಡುತ್ತಾನೆ. ಹುಳ ಯಾವುದು ಅಂತ ನೋಡುವುದು ಆಮೇಲಿನ ಮಾತು.

ಅಂಗಡಿಯ ಸಾಲದ ಈ ಕೈಚಳಕವನ್ನೇ ಪಟ್ಟಣದ ಬ್ಯಾಂಕುಗಳೂ ಆಡಿದ್ದವು. "ಶೂನ್ಯ ಬಡ್ಡಿ, ಸುಲಭ ಕಂತು" ಅಂತ ಟಿ.ವಿ., ಫ್ರಿಜ್ಜು, ಮೊಬೈಲು ಮಾರುತ್ತಿದ್ದರಲ್ಲ, 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಅದಕ್ಕೆ ತಡೆ ಹಾಕಿತು. ಶೂನ್ಯ ಬಡ್ಡಿ ಅನ್ನುವ ವಸ್ತುವೇ ಇಲ್ಲ, ಬಡ್ಡಿಯನ್ನು ಸಂಸ್ಕರಣಾ ಶುಲ್ಕದ ಹೆಸರಿನಲ್ಲಿ ಮುಚ್ಚಿಟ್ಟಿದ್ದೀರಿ ಅನ್ನುವ ಅರ್ಥದಲ್ಲಿ ಸುತ್ತೋಲೆ ಹೊರಡಿಸಿತು. ಆಮೇಲೆ ಅದೇ ಸರಕು "ನೋ ಕಾಸ್ಟ್ ಇ.ಎಂ.ಐ." ಅನ್ನುವ ಹೊಸ ಅಂಗಿ ತೊಟ್ಟು ಬಂತು. ನಗದು ಕೊಟ್ಟವನಿಗೆ ಬಿಡುವ ಸೋಡಿಯನ್ನು ಕಂತಿನವನಿಗೆ ಬಿಡದಿದ್ದರೆ ಅದೇ ಬಡ್ಡಿ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸುಗಳು ಚಿಲ್ಲರೆ ಸಾಲ ಕೊಡುವಾಗ ಎಲ್ಲ ಖರ್ಚನ್ನೂ ಕೂಡಿಸಿ ವಾರ್ಷಿಕ ದರ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಕೊಡಲೇಬೇಕು. ಟ್ರ್ಯಾಕ್ಟರಿಗೋ ಬೈಕಿಗೋ ಸಾಲ ತೆಗೆಯುವ ಹುಡುಗರು ಆ ಹಾಳೆ ಕೇಳಿ. ಗೊಬ್ಬರದಂಗಡಿಯ ಉದ್ರಿಗೆ ಅಂಥ ಹಾಳೆ ಇನ್ನೂ ಹುಟ್ಟಿಲ್ಲ.

"ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ಹೋಗಿ ಬೀಳುತ್ತಾರೆ, ದಡ್ಡರಾ?" ಅಂತ ನೀವು ಕೇಳಬಹುದು. ದಡ್ಡತನವಲ್ಲ. ಮನುಷ್ಯನ ತಲೆ ಇರುವುದೇ ಹಾಗೆ. 1974ರಲ್ಲಿ ಟ್ವರ್ಸ್ಕಿ, ಕಾಹ್ನೆಮನ್ ಅನ್ನುವ ಇಬ್ಬರು ವಿದ್ವಾಂಸರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಜಾತ್ರೆಯಲ್ಲಿ ತಿರುಗಿಸುತ್ತಾರಲ್ಲ, ಅಂಥ ಅಂಕಿಯ ಚಕ್ರವೊಂದನ್ನು ಜನರೆದುರು ತಿರುಗಿಸಿದರು. ಕೆಲವರಿಗೆ 10 ಬಂತು, ಕೆಲವರಿಗೆ 65. ಆಮೇಲೆ, ವಿಶ್ವಸಂಸ್ಥೆಯಲ್ಲಿ ನೂರಕ್ಕೆ ಎಷ್ಟು ಆಫ್ರಿಕಾ ದೇಶಗಳಿವೆ ಅಂತ ಕೇಳಿದರು. ಚಕ್ರಕ್ಕೂ ಆಫ್ರಿಕಾಕ್ಕೂ ಏನು ನೆಂಟು? ಆದರೂ 10 ನೋಡಿದವರ ನಡುವಿನ ಅಂದಾಜು 25, 65 ನೋಡಿದವರದು 45. ಮೊದಲು ಕಣ್ಣಿಗೆ ಬಿದ್ದ ಅಂಕಿ, ಅದಕ್ಕೆ ಅರ್ಥ ಇರಲಿ ಬಿಡಲಿ, ತಲೆಯಲ್ಲಿ ಗೂಟ ಹೊಡೆದು ಕೂತುಬಿಡುತ್ತದೆ. ಆಮೇಲಿನ ಯೋಚನೆಯೆಲ್ಲ ಆ ಗೂಟಕ್ಕೆ ಕಟ್ಟಿದ ಎತ್ತು.

ನಮಗೆ ಇದನ್ನು ಅಮೆರಿಕದವರು ಕಲಿಸಬೇಕಾಗಿಲ್ಲ. ದನದ ಜಾತ್ರೆಯಲ್ಲಿ ಜೋಡಿಯ ಬೆಲೆ ಒಂದೂವರೆ ಪಟ್ಟು ಕೂಗುವುದು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಇಳಿಸುವುದು ನಮ್ಮ ಅಜ್ಜಂದಿರ ವಿದ್ಯೆ. ಆದರೆ ಅಲ್ಲಿ ಇಬ್ಬರಿಗೂ ಆಟ ಗೊತ್ತು, ಇಬ್ಬರೂ ಹಲ್ಲು ನೋಡಿ, ಸುಳಿ ನೋಡಿ ಬಲ್ಲವರು. ಇನ್ನು ಕೋಲಾರದ ಟೊಮೆಟೊ ಮಂಡಿಗೆ ಬಾಕ್ಸು ಹಾಕಿದವರನ್ನು ಕೇಳಿ. ಹರಾಜಿನಲ್ಲಿ ಮೊದಲ ಕೂಗು 100 ಅಂತ ಬಿದ್ದರೆ ಎಷ್ಟು ಎಳೆದರೂ 160, 180 ದಾಟುವುದು ಕಷ್ಟ. ಅಲ್ಲಿ ಗೂಟವನ್ನು ಕೆಳಗೆ ಹೊಡೆಯುತ್ತಾರೆ, ಅಂಗಡಿಯಲ್ಲಿ ಮೇಲೆ ಹೊಡೆಯುತ್ತಾರೆ. ಎರಡೂ ಕಡೆ ಸುತ್ತಿಗೆ ನಮ್ಮ ಕೈಯಲ್ಲಿಲ್ಲ.

ಆಷಾಢದ ಸೇಲನ್ನೇ ತೆಗೆದುಕೊಳ್ಳಿ. ಮದುವೆಯಿಲ್ಲ, ಮುಂಜಿಯಿಲ್ಲ, ಸೀರೆ ಅಂಗಡಿಗಳಲ್ಲಿ ನೊಣ ಹೊಡೆಯುವ ತಿಂಗಳು. ಹಳೆಯ ಸರಕು ಕರಗಿಸಲಿಕ್ಕೆ ಬೆಲೆ ಇಳಿಸುವುದು ವ್ಯಾಪಾರದ ಧರ್ಮವೇ, ಅದರಲ್ಲಿ ನಿಜವಾದ ಅಗ್ಗವೂ ಸಿಗುತ್ತದೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸೇಲಿಗಾಗಿಯೇ ನೇಯಿಸಿ ತಂದ, ಸೇಲಿಗಾಗಿಯೇ ಚೀಟಿ ಅಂಟಿಸಿದ ಸರಕು ಎಷ್ಟು, ನಿಜವಾಗಿ ಉಳಿದ ಸರಕು ಎಷ್ಟು ಅಂತ ನೀವು ಹೇಗೆ ಹೇಳುತ್ತೀರಿ? ಬೋರ್ಡಿನ ಮೇಲೆ ಆನೆ ಗಾತ್ರದಲ್ಲಿ 50%, ಅದರ ಬಾಲಕ್ಕೆ ಸಾಸಿವೆ ಕಾಳಿನಷ್ಟು "ವರೆಗೆ". ಒಳಗೆ ಒಂದು ಮೂಲೆಯಲ್ಲಿ ನಾಲ್ಕು ಸೀರೆಗೆ 50, ಉಳಿದದ್ದಕ್ಕೆ 10. ಹೆಣ್ಣುಮಕ್ಕಳನ್ನು ಮಾತ್ರ ಇದಕ್ಕೆ ಹಂಗಿಸುವ ಗಂಡಸರು ತಮ್ಮ ಸ್ಪ್ರೇ ಪಂಪು, ಮೊಬೈಲು, ಬೈಕಿನ ಬಿಲ್ಲನ್ನು ಒಂದು ಸಲ ತೆಗೆದು ನೋಡಲಿ. ಇನ್ನೊಂದು ಮಾತು. ಆಷಾಢ ಬರುವುದು ಯಾವಾಗ? ಬಿತ್ತನೆ ಹೊತ್ತಿನಲ್ಲಿ. ರೈತನ ಜೇಬಿನಲ್ಲಿ ಇರುವುದೇ ಸೊಸೈಟಿಯಿಂದ ತಂದ ಬೆಳೆಸಾಲದ ದುಡ್ಡು. ಅದರಲ್ಲಿ 3,000 ಸೀರೆಗೆ ಹೋದರೆ, 3,000 ರೂಪಾಯಿನ ಗೊಬ್ಬರ ಉದ್ರಿಗೆ ಬರುತ್ತದೆ, ಮೇಲೆ ಹೇಳಿದ ದರದಲ್ಲಿ! 2023-24ರ ರಾಜ್ಯ ಬಜೆಟ್ಟಿನಲ್ಲಿ ಸಹಕಾರಿ ಅಲ್ಪಾವಧಿ ಸಾಲದ ಶೂನ್ಯ ಬಡ್ಡಿಯ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆ ಬಡ್ಡಿಯಿಲ್ಲದ ದುಡ್ಡನ್ನು ನಗದು ಗೊಬ್ಬರಕ್ಕೆ ಹಾಕದೆ ಸೇಲಿಗೆ ಹಾಕಿದರೆ ಸರ್ಕಾರ ಬಿಟ್ಟ ಬಡ್ಡಿಯನ್ನು ಅಂಗಡಿಯವನು ವಸೂಲಿ ಮಾಡಿಕೊಂಡ ಹಾಗೆ ಆಯಿತು.

ಫೋನಿನಲ್ಲಿ ನಡೆಯುವ ಸಂತೆ ಇನ್ನೂ ಮುಂದೆ ಹೋಗಿದೆ. 2014ರ ಅಕ್ಟೋಬರ್ 6ರಂದು ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ತನ್ನ ಮೊದಲ "ಬಿಗ್ ಬಿಲಿಯನ್ ಡೇ" ನಡೆಸಿ, ಮಾರನೆಯ ದಿನವೇ ಸ್ಥಾಪಕರಿಬ್ಬರೂ ಗ್ರಾಹಕರ ಕ್ಷಮೆ ಕೇಳಿ ಪತ್ರ ಬರೆದರು. ಸರಕು ಮುಗಿದದ್ದರ ಜೊತೆಗೆ ಬೆಲೆಗಳು ಏರುಪೇರಾದದ್ದನ್ನೂ ಅದರಲ್ಲಿ ಒಪ್ಪಿಕೊಂಡಿದ್ದರು. ಈಗಂತೂ "ಇನ್ನು ಎರಡೇ ಉಳಿದಿವೆ", "ಹತ್ತು ನಿಮಿಷದಲ್ಲಿ ಮುಗಿಯುತ್ತದೆ" ಅಂತ ಗಡಿಯಾರ ಓಡುತ್ತಿರುತ್ತದೆ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ಕುತಂತ್ರಗಳನ್ನು ಹೆಸರಿಸಿ ನಿಷೇಧಿಸಿತು, ಸುಳ್ಳು ಅವಸರ ಹುಟ್ಟಿಸುವುದೂ ಅದರಲ್ಲಿ ಒಂದು.

ನಿಜ ಬೆಲೆ ಬರೆದು ಮಾರಿದರೆ ಏನಾಗುತ್ತದೆ ಅಂತ ಅಮೆರಿಕದಲ್ಲಿ ಒಬ್ಬ ನೋಡಿದ. ಜೆ.ಸಿ. ಪೆನ್ನಿ ಅಂತ ನೂರು ವರ್ಷಕ್ಕೂ ಹಳೆಯ ಬಟ್ಟೆಬರೆ ಅಂಗಡಿಗಳ ಸಾಲು. 2012ರಲ್ಲಿ ಅದರ ಹೊಸ ಮುಖ್ಯಸ್ಥ ರಾನ್ ಜಾನ್ಸನ್, ಈ ಕೂಪನ್ನು, ಈ ಸೇಲು ಎಲ್ಲ ನಾಟಕ, ಮೊದಲ ದಿನದಿಂದಲೇ ಕಡಿಮೆ ಬೆಲೆ ಬರೆಯೋಣ ಅಂದ. ಜನ ಹೊಗಳಿದರೇ? ಅಂಗಡಿಗೆ ಬರುವುದನ್ನೇ ಬಿಟ್ಟರು. ಆ ಒಂದು ವರ್ಷದಲ್ಲಿ ಮಾರಾಟ ನಾಲ್ಕನೇ ಒಂದು ಭಾಗ ಬಿತ್ತು. 2013ರ ಏಪ್ರಿಲ್‌ನಲ್ಲಿ ಅವನನ್ನು ಮನೆಗೆ ಕಳಿಸಿ ಕೂಪನ್ನುಗಳನ್ನು ವಾಪಸು ತಂದರು. ಆದ್ದರಿಂದ ಒಬ್ಬ ಪ್ರಾಮಾಣಿಕ ಅಂಗಡಿಯವನಿಂದ ಇದು ಸರಿಹೋಗುವ ಮಾತಲ್ಲ. ಅವನೊಬ್ಬನೇ 650 ಅಂತ ಬರೆದರೆ, 1,000 ಬರೆದು 700ಕ್ಕೆ ಕೊಡುವವನ ಹತ್ತಿರವೇ ನಾವು ಹೋಗುತ್ತೇವೆ. ಎಲ್ಲರಿಗೂ ಕೂಡುವ ಕಾನೂನೇ ಬೇಕು.

ಕಾನೂನು ಇಲ್ಲವೇ ಇಲ್ಲ ಅಂತಲ್ಲ. ಒಂದು ಸರಕು ಸಾಮಾನ್ಯವಾಗಿ ಯಾವ ಬೆಲೆಗೆ ಮಾರಾಟವಾಗುತ್ತಿದೆ ಅನ್ನುವ ವಿಷಯದಲ್ಲಿ ಜನರ ದಾರಿ ತಪ್ಪಿಸುವುದು ಅನುಚಿತ ವ್ಯಾಪಾರ ಅನ್ನುವ ಮಾತು 1984ರಲ್ಲೇ ಏಕಸ್ವಾಮ್ಯ ಕಾಯ್ದೆಯ ತಿದ್ದುಪಡಿಯಲ್ಲಿ ಬಂತು, 1986ರ ಗ್ರಾಹಕ ಕಾಯ್ದೆಗೆ ಇಳಿಯಿತು, 2019ರ ಕಾಯ್ದೆಯಲ್ಲೂ ಇದೆ. ನಲವತ್ತು ವರ್ಷದ ಮಾತು. 2017ರ ಜನವರಿಯಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, "ಫ್ಲಾಟ್ 40% ಆಫ್" ಅಂತ ಬೋರ್ಡು ಹಾಕಿ, ಬಿಲ್ಲು ಮಾಡುವಾಗ ಇಳಿಸಿದ ಬೆಲೆಯ ಮೇಲೆ ಮತ್ತೆ ತೆರಿಗೆ ಸೇರಿಸಿದ್ದನ್ನು ಅನುಚಿತ ವ್ಯಾಪಾರ ಅಂದಿತು. ಎಂ.ಆರ್.ಪಿ.ಯಲ್ಲಿ ತೆರಿಗೆ ಸೇರಿಯೇ ಇರುವಾಗ ಅದರ ಮೇಲಿನ ರಿಯಾಯಿತಿಗೆ ಮತ್ತೆ ತೆರಿಗೆ ಯಾತರದು? ಆದರೆ "ಸಾಮಾನ್ಯವಾಗಿ" ಅಂದರೆ ಎಷ್ಟು ದಿನ, ಯಾವ ಅಂಗಡಿಯಲ್ಲಿ, ಯಾರು ಸಾಬೀತು ಮಾಡಬೇಕು? ಅದನ್ನು ಬಿಡಿಸಿ ಹೇಳಿಲ್ಲ. ಯೂರೋಪಿನ ದೇಶಗಳಲ್ಲಿ 2022ರ ಮೇ 28ರಿಂದ ಒಂದು ನಿಯಮ ಜಾರಿಯಲ್ಲಿದೆ. ಬೆಲೆ ಇಳಿಸಿದ್ದೇನೆ ಅಂತ ಸಾರುವ ಅಂಗಡಿಯವನು ಹಿಂದಿನ 30 ದಿನಗಳಲ್ಲಿ ತಾನು ಮಾರಿದ ಅತಿ ಕಡಿಮೆ ಬೆಲೆಯನ್ನು ಪಕ್ಕದಲ್ಲೇ ತೋರಿಸಬೇಕು. 30 ದಿನ ಅಂತ ಒಂದು ಅಂಕಿ. ಅಷ್ಟನ್ನು ನಮ್ಮ ಕಾಯ್ದೆಗೆ ಸೇರಿಸಲಿಕ್ಕೆ ಎಷ್ಟು ಶಾಯಿ ಬೇಕು?

ಈಗ ತಕ್ಕಡಿಯ ಇನ್ನೊಂದು ತಟ್ಟೆ ನೋಡಿ. 2025ರ ಹಂಗಾಮಿಗೆ ಮೆಕ್ಕೆಜೋಳಕ್ಕೆ ಕೇಂದ್ರ ಹೇಳಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ನವೆಂಬರಿನಲ್ಲಿ ಹಾವೇರಿ, ಗದಗ ಕಡೆಯ ಮಾರುಕಟ್ಟೆಗಳಲ್ಲಿ ಅದು 2,000ಕ್ಕೂ ಕೆಳಗೆ ಹೋಯಿತು, ರೈತರು ರಸ್ತೆಗೆ ಇಳಿದರು. ಸರ್ಕಾರವೇ ಕಟ್ಟಿದ, ಖರ್ಚಿನ ಲೆಕ್ಕ ಹಾಕಿ ಕಟ್ಟಿದ ಬೆಲೆಯ ಮೇಲೆ ಬಿದ್ದ ಕಡಿತ ಅದು, ನಿಜವಾದ ಡಿಸ್ಕೌಂಟು. ಜೊತೆಗೆ ಸೂಟು, ಸ್ಯಾಂಪಲ್ಲು, ಹಮಾಲಿ, ಬಿಳಿಚೀಟಿಯ ದಲ್ಲಾಳಿ ಬೇರೆ. ಕೊಂಡ ವ್ಯಾಪಾರಿ ಆ ಜೋಳದ ಹಿಟ್ಟನ್ನು, ಕೋಳಿ ಮೇವನ್ನು ಮಾರುವಾಗ "ರೈತ ಕೊಟ್ಟ ರಿಯಾಯಿತಿ" ಅಂತ ಬೋರ್ಡು ಹಾಕಿದನೇ? ರೈತ ತನ್ನ ಚೀಲದ ಮೇಲೆ ತಾನೇ 4,800 ಅಂತ ಅಚ್ಚು ಹಾಕಿ, "ನೀವೇನು ಹೊರಗಿನವರಾ ಸಾವಕಾರ್ರೇ, ಅರ್ಧಕ್ಕೆ ತಗೊಳ್ಳಿ" ಅಂತ 2,400ಕ್ಕೆ ಕೊಡುವ ದಿನ ಬಂದಿದ್ದರೆ, ನಾನು ಇವತ್ತು ಈ ಡಬ್ಬದ ತಕರಾರು ತೆಗೆಯುತ್ತಿರಲಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಗೊಬ್ಬರದಂಗಡಿಗಳ ಮುಂದೆ ಸ್ಟಾಕು ಮತ್ತು ದರದ ಬೋರ್ಡು ಇರುತ್ತದಲ್ಲ, ಔಷಧಿ, ಬೀಜ, ಬಾಟಲಿಗಳಿಗೂ ಅದರಲ್ಲಿ ಎರಡು ಕಾಲಂ ಬರೆಸಿ, ನಗದು ದರ ಒಂದು, ಉದ್ರಿ ದರ ಒಂದು. ಉದ್ರಿ ಬಿಲ್ಲಿನಲ್ಲಿ ವ್ಯತ್ಯಾಸದ ಹಣವನ್ನು ಬಡ್ಡಿ ಅಂತಲೇ ಕಾಣಿಸಬೇಕು. ಕಂಪನಿಯ ಗೇಟಿನಿಂದ ಹೊರಡುವ ಬೆಲೆಗೂ ಡಬ್ಬದ ಮೇಲಿನ ಬೆಲೆಗೂ ನೂರಕ್ಕೆ ಇಷ್ಟೇ ಅಂತರ ಅನ್ನುವ ಮಿತಿಯನ್ನು, ಕ್ಯಾನ್ಸರ್ ಔಷಧಿಗೆ 2019ರಲ್ಲಿ ಹಾಕಿದ ಹಾಗೆ, ಬೆಳೆಯ ಔಷಧಿಗೂ ಹಾಕಬೇಕು. ಮಾಡಲಾಗದು ಅನ್ನುವ ಅಧಿಕಾರಿಗೆ ಹತ್ತಿ ಬೀಜದ 2006ರ ಕಥೆ ಹೇಳಿ.

ಕಾನೂನು ಬರುವತನಕ ಕೈ ಕಟ್ಟಿ ಕೂರಬೇಕಿಲ್ಲ. ರೈತನೂ ಗ್ರಾಹಕನೇ ಅಂತ 2012ರಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ಹೇಳಿಯಾಗಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ 5 ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು, ವಕೀಲರೇ ಬೇಕೆಂದಿಲ್ಲ. ಕೇಂದ್ರದ ಗ್ರಾಹಕ ಸಹಾಯವಾಣಿ 1915. ಆದರೆ ಎಲ್ಲಕ್ಕೂ ಬಿಲ್ಲು ಬೇಕು. ಚೀಟಿಯಲ್ಲ, ಡಬ್ಬದ ಬ್ಯಾಚ್ ನಂಬರು ಇರುವ ಬಿಲ್ಲು. "ಬಿಲ್ಲು ಬೇಕಾದರೆ ಡಿಸ್ಕೌಂಟು ಇಲ್ಲ" ಅಂತ ಅಂಗಡಿಯವನು ಅಂದರೆ, ಆ ಮಾತನ್ನೇ ತಾರೀಖಿನ ಸಮೇತ ಬರೆದು ನಮಗೆ ಕಳಿಸಿ. ಜೊತೆಗೆ ನಿಮ್ಮ ಊರಿನ ಅಂಗಡಿಯಲ್ಲಿ ಯಾವುದಾದರೂ ಐದು ಡಬ್ಬಗಳ ಅಚ್ಚು ಬೆಲೆ, ನಗದು ಬೆಲೆ, ಉದ್ರಿ ಬೆಲೆ ಮೂರನ್ನೂ ಗೀಟು ಹಾಕಿ ಬರೆಯಿರಿ. ಹೋಬಳಿಗೆ ಒಂದರಂತೆ ಬಂದರೂ ಸಾಕು, ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕಿ, ಅದೇ ಪಟ್ಟಿಯನ್ನು ಜಂಟಿ ಕೃಷಿ ನಿರ್ದೇಶಕರ ಮೇಜಿನ ಮೇಲೂ ಇಡೋಣ.